ಬಿಸಿಲು, ಸಿಡಿಲಿನ ಮುನ್ಸೂಚನೆ ಕನ್ನಡ ಶಾಲೆಯ ಫಲಕಕ್ಕೂ ಬರಲಿ

ಏಪ್ರಿಲ್ ಎರಡನೇ ವಾರ ಬಂತೆಂದರೆ ಅಕ್ಕಲಕೋಟೆ ತಾಲ್ಲೂಕಿನ ನಮ್ಮಂಥ ಗಡಿ ಹಳ್ಳಿಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ಗಡಿಯ ಆಚೆ ಇಂಡಿಯಲ್ಲೋ ಅಫಜಲಪುರದಲ್ಲೋ ಇರುವ ಸೋದರತ್ತೆಯ ಮಕ್ಕಳು ರಜೆಗೆಂದು ಬಂದು ನಮ್ಮ ಪಡಸಾಲೆಯಲ್ಲಿ ಆಡುತ್ತಿರುತ್ತಾರೆ. ನಮ್ಮ ಮಕ್ಕಳು ಪಾಟೀಚೀಲ ಹೆಗಲಿಗೇರಿಸಿಕೊಂಡು ಪರೀಕ್ಷೆ ಬರೆಯಲು ಹೊರಟಿರುತ್ತಾರೆ. 2025ರಲ್ಲಿ ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇತ್ತು. ಅದೇ ವರ್ಷ ಮಹಾರಾಷ್ಟ್ರದಲ್ಲಿ 1ರಿಂದ 9ನೇ ತರಗತಿಯ ಪರೀಕ್ಷೆಯ ವೇಳಾಪಟ್ಟಿ ಏಪ್ರಿಲ್ 25ರವರೆಗೆ ಇತ್ತು. ಬಿಸಿಲು ಮಾತ್ರ ಎರಡೂ ಕಡೆಗೆ ಒಂದೇ.

ರಜೆಯ ತಾರೀಖು ಬದಲಿಸುವುದು ಹಳ್ಳಿಯ ಪಾಲಕರ ಕೈಯಲ್ಲಿಲ್ಲ. ಹಾಗಾಗಿ ಅದರ ಬಗ್ಗೆ ಇಲ್ಲಿ ಬಹಳ ಬರೆಯುವುದಿಲ್ಲ. ನಮ್ಮ ಕೈಯಲ್ಲಿರುವ ಒಂದು ಸಣ್ಣ ಸಂಗತಿಯ ಬಗ್ಗೆ ಬರೆಯುತ್ತೇನೆ.

ಕಳೆದ ವರ್ಷ ಇಂಥದೇ ಒಂದು ದಿನ ಮುಂಜಾನೆ ನನ್ನ ಫೋನಿಗೆ ಎಚ್ಚರಿಕೆಯ ಸಂದೇಶ ಬಂತು. ಮರಾಠಿಯಲ್ಲಿತ್ತು. ಆರನೇ ಇಯತ್ತೆಯಲ್ಲಿರುವ ಮಗಳು ಜೋರಾಗಿ ಓದಿದಳು: 'ವಿಜಾಂಚ್ಯಾ ಕಡಕಡಾಟಾಸಹ ಪಾವೂಸ...' ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನಮ್ಮವ್ವ ಅಷ್ಟನ್ನೇ ಕೇಳಿಸಿಕೊಂಡು, "ವೀಜ ಹೋಗತೈತಂತೇನು? ಹಂಗಾರ ಈಗಲೇ ಗಿರಣಿಗಿ ಹೋಗಿ ಹಿಟ್ಟ ಬೀಸಿಸ್ಕೊಂಡ ಬಾರೋ" ಅಂದಳು. ನಾವು ನಕ್ಕೆವು. ನಾನು ಹಿಟ್ಟು ಬೀಸಿಸಿಕೊಂಡೂ ಬಂದೆ.

ಅವ್ವನದು ತಪ್ಪಲ್ಲ. ಮರಾಠಿಯಲ್ಲಿ 'ವೀಜ' ಎಂದರೆ ಕರೆಂಟೂ ಹೌದು, ಸಿಡಿಲೂ ಹೌದು. ಸಂತೆಯ ಮರಾಠಿಯಷ್ಟೇ ಬಲ್ಲ ಅವಳಿಗೆ ಆ ಶಬ್ದ ಗೊತ್ತಿರುವುದು ತಿಂಗಳ ಬಿಲ್ಲಿನಿಂದ. ಸಂಜೆ ನಾಲ್ಕರ ಸುಮಾರಿಗೆ ಎಂದಿನಂತೆ ಆಡು ಹೊಡೆದುಕೊಂಡು ಬರಲು ಹೊಲಕ್ಕೆ ಹೋದಳು. ಪಡುವಣದಿಂದ ಮೋಡ ಎದ್ದು ಬಂದು ಗಾಳಿ ಬೀಸಿತು, ಹನಿ ಬಿತ್ತು, ಅವಳು ಬೇವಿನ ಗಿಡದ ಕೆಳಗೆ ನಿಂತಳು. ಸಿಡಿಲು ಬಿದ್ದಿದ್ದು ಎರಡು ಹೊಲದಾಚೆಯ ಜಾಲಿಗಿಡಕ್ಕೆ. ನೆರೆಯವರ ಎರಡು ಆಡು ಅಲ್ಲೇ ಸತ್ತವು. ಅವ್ವ ಒದ್ದೆಯಾಗಿ, ಕಿವಿ ಗುಂಯ್ ಅನ್ನುತ್ತಿದೆ ಎನ್ನುತ್ತ ಮನೆಗೆ ಬಂದಳು.

ಎಚ್ಚರಿಕೆ ಬಂದಿತ್ತು. ಹೊತ್ತಿಗೆ ಸರಿಯಾಗಿ ಬಂದಿತ್ತು, ಅದರಲ್ಲಿದ್ದ ಮಾತೂ ನಿಜವಾಗಿತ್ತು. ನಮ್ಮ ಮನೆಯ ಒಲೆಯ ತನಕ ಬರುವಷ್ಟರಲ್ಲಿ ಅದು ಕರೆಂಟ್ ಹೋಗುವ ಸುದ್ದಿಯಾಗಿತ್ತು.

ಮೊದಲು ಬಿಸಿಲಿನ ಮಾತು. ಮಾರ್ಚ್ ಹೊತ್ತಿಗೆ ಭಾರತೀಯ ಹವಾಮಾನ ಇಲಾಖೆ ಇಡೀ ಬೇಸಿಗೆಯ ಮುನ್ನೋಟ ಕೊಡುತ್ತದೆ. 2024ರ ಏಪ್ರಿಲ್ ಆರಂಭದಲ್ಲಿ ಕೊಟ್ಟ ಮುನ್ನೋಟ ಬಹಳ ಜನರಿಗೆ ನೆನಪಿರಬಹುದು. ವಾಡಿಕೆಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ 4ರಿಂದ 8 ದಿನ ಬಿಸಿಗಾಳಿ ಇರುವ ಕಡೆಗಳಲ್ಲಿ ಆ ಸಲ 10ರಿಂದ 20 ದಿನ ಇರಬಹುದು ಎಂದಿದ್ದರು. ಇಂಥ ಮುನ್ನೋಟ ಸರ್ಕಾರದ ತಯಾರಿಗೆ ಬೇಕು. ಆದರೆ ನಾಳೆ ಮಗುವನ್ನು ಶಾಲೆಗೆ ಕಳಿಸುವ ತಾಯಿಗೆ ಬೇಕಾದದ್ದು ಜಿಲ್ಲೆಯ ದಿನದ ಮುನ್ಸೂಚನೆ. ಅದು ದಿನವೂ ಬರುತ್ತದೆ, ಮುಂದಿನ ನಾಲ್ಕೈದು ದಿನಕ್ಕೆ ಬಣ್ಣ ಹಚ್ಚಿ ಬರುತ್ತದೆ. ಹಸಿರು ಎಂದರೆ ಚಿಂತೆಯಿಲ್ಲ. ಹಳದಿ ಎಂದರೆ ಕಣ್ಣಿಟ್ಟಿರಿ. ಕಿತ್ತಳೆ ಎಂದರೆ ತಯಾರಾಗಿರಿ. ಕೆಂಪು ಎಂದರೆ ಈಗಲೇ ಕೈಗೆ ಕೆಲಸ ಹಚ್ಚಿರಿ. ಟಿವಿಯವರು 'ಆರೆಂಜ್ ಅಲರ್ಟ್' ಎಂದು ಕೂಗುವಾಗ ಯಾವುದಕ್ಕೆ ಅಲರ್ಟ್ ಎಂಬುದನ್ನೂ ನೋಡಬೇಕು. ಬಿಸಿಲಿಗೂ ಅದೇ ಕಿತ್ತಳೆ, ಗುಡುಗು ಮಳೆಗೂ ಅದೇ ಕಿತ್ತಳೆ.

ಇಲ್ಲಿ ನಮ್ಮ ಕಡೆಯವರು ತಿಳಿದುಕೊಳ್ಳಲೇಬೇಕಾದ ಒಂದು ಲೆಕ್ಕವಿದೆ. ಬಯಲು ಸೀಮೆಯಲ್ಲಿ ಬಿಸಿಗಾಳಿ ಎಂದು ಇಲಾಖೆ ಹೇಳಬೇಕಾದರೆ ಉಷ್ಣಾಂಶ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಜೊತೆಗೆ ಆ ಊರಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ವಾಡಿಕೆಯನ್ನು ಬದಿಗಿಟ್ಟರೂ 45 ಡಿಗ್ರಿ ದಾಟಿದರೆ ಅದು ಬಿಸಿಗಾಳಿ, 47 ದಾಟಿದರೆ ತೀವ್ರ ಬಿಸಿಗಾಳಿ. ಅದೂ ಒಂದೇ ಊರಿನಲ್ಲಲ್ಲ, ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ. ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳು 'ಮಧ್ಯ ಮಹಾರಾಷ್ಟ್ರ' ಎಂಬ ಉಪವಿಭಾಗದಲ್ಲಿವೆ. ಅದೇ ಉಪವಿಭಾಗದಲ್ಲಿ ಪುಣೆ, ನಾಶಿಕ, ಮಹಾಬಳೇಶ್ವರವೂ ಇವೆ.

ಈಗ ನೋಡಿ. ಸೊಲ್ಲಾಪುರದಲ್ಲಿ ಮೇ ತಿಂಗಳ ವಾಡಿಕೆಯೇ 40 ಡಿಗ್ರಿಯ ಆಸುಪಾಸು. ಆದ್ದರಿಂದ 43 ಡಿಗ್ರಿ ಸುಡುತ್ತಿದ್ದರೂ ನಿಯಮದ ಪ್ರಕಾರ ಅದು ಬಿಸಿಗಾಳಿ ಆಗದೆ ಇರಬಹುದು. "ಬಿಸಿಗಾಳಿ ಎಚ್ಚರಿಕೆ ಇಲ್ಲ" ಎಂದರೆ ಮಗುವನ್ನು ಬರಿಗಾಲಲ್ಲಿ ಬಿಡಬಹುದು ಎಂದು ಅರ್ಥವಲ್ಲ. ಮೇಲಾಗಿ ಆ 43 ಡಿಗ್ರಿ ಅಳೆಯುವುದು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಬಣ್ಣದ ಮರದ ಪೆಟ್ಟಿಗೆಯ ನೆರಳಿನಲ್ಲಿ. ನಮ್ಮ ಮಕ್ಕಳು ಆ ಪೆಟ್ಟಿಗೆಯೊಳಗೆ ಕೂತು ಪಾಠ ಕೇಳುವುದಿಲ್ಲ. ತಗಡು ಹೊದಿಸಿದ ಕೋಣೆಯಲ್ಲಿ ಕೂರುತ್ತಾರೆ, ಕರಿಮಣ್ಣಿನ ದಾರಿಯಲ್ಲಿ, ಡಾಂಬರಿನ ಮೇಲೆ ನಡೆಯುತ್ತಾರೆ.

40 ಡಿಗ್ರಿ ಮುಟ್ಟದೆಯೂ ಬಿಸಿಲು ಕೊಲ್ಲಬಲ್ಲದು ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರಘರದಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭ ನಡೆಯಿತು. ಬಯಲಿನಲ್ಲಿ ತಾಸುಗಟ್ಟಲೆ ಕುಳಿತಿದ್ದ ಜನರಲ್ಲಿ 14 ಮಂದಿ ಬಿಸಿಲಿನ ಆಘಾತದಿಂದ ತೀರಿಕೊಂಡರು. ಅವತ್ತು ಹತ್ತಿರದ ಕೇಂದ್ರದಲ್ಲಿ ದಾಖಲಾಗಿದ್ದು ಸುಮಾರು 38 ಡಿಗ್ರಿ. ಕರಾವಳಿಯ ಸೆಕೆ ಅದಕ್ಕೆ ಸೇರಿತ್ತು. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ಕಾಸರಗೋಡಿನ ಪಾಲಕರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಅದಕ್ಕೇ ಕರಾವಳಿಗೆ ಬಿಸಿಗಾಳಿಯ ಲೆಕ್ಕವನ್ನು 37 ಡಿಗ್ರಿಯಿಂದಲೇ ಶುರು ಮಾಡುತ್ತಾರೆ. ನಮ್ಮ ಕಡೆಯ ಒಣ ಬಿಸಿಲಿನ ಮೋಸ ಬೇರೆ ತರಹದ್ದು. ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತದೆ, ಮೈಯ ನೀರು ಹೋದದ್ದು ತಿಳಿಯುವ ಹೊತ್ತಿಗೆ ಮಗುವಿಗೆ ತಲೆ ಸುತ್ತು ಬಂದಿರುತ್ತದೆ.

ಇನ್ನು ಶಾಲೆಯ ವೇಳೆ. 2025ರ ಮಾರ್ಚ್ ಕೊನೆಗೆ ಮಹಾರಾಷ್ಟ್ರದ ಶಿಕ್ಷಣ ಇಲಾಖೆ ರಾಜ್ಯಕ್ಕೆಲ್ಲ ಒಂದೇ ವೇಳೆ ಗೊತ್ತು ಮಾಡಿತು. ಪ್ರಾಥಮಿಕ ಶಾಲೆ ಮುಂಜಾನೆ 7ರಿಂದ 11.15, ಮಾಧ್ಯಮಿಕ ಶಾಲೆ 7ರಿಂದ 11.45. ಒಳ್ಳೆಯ ಆದೇಶ. ಆದರೆ ಅದನ್ನು ಬರೆದವರ ಕಣ್ಣಮುಂದೆ ಶಾಲೆಯ ಗೇಟಿನ ಹೊರಗೇ ಮನೆಯಿರುವ ಮಗು ಇದ್ದಿರಬೇಕು. ಕನ್ನಡ ಮಾಧ್ಯಮದ ಮಕ್ಕಳ ಕತೆ ಹಾಗಿಲ್ಲ. ಜತ್ತ ತಾಲ್ಲೂಕಿನ ತೋಟದ ವಸ್ತಿಗಳಲ್ಲಿ, ನಮ್ಮ ತಾಲ್ಲೂಕಿನ ಹೊಲಮನೆಗಳಲ್ಲಿ ಇರುವ ಮಗುವಿಗೆ ಹತ್ತಿರದ ಶಾಲೆ ಮರಾಠಿಯದಾಗಿದ್ದರೆ ಕನ್ನಡದ ಶಾಲೆಗೆ ಇನ್ನೂ ಒಂದೆರಡು ಕಿಲೋಮೀಟರ್ ಹೆಚ್ಚು ನಡೆಯಬೇಕು. 11.15ಕ್ಕೆ ಗಂಟೆ ಹೊಡೆದು, ಮಧ್ಯಾಹ್ನದ ಊಟ ಮುಗಿಸಿ, ಗೆಳತಿಯರ ಜೊತೆ ಹರಟೆ ಹೊಡೆಯುತ್ತ ಹೊರಟರೆ ಮನೆ ಮುಟ್ಟುವಾಗ ಹನ್ನೆರಡು ದಾಟಿರುತ್ತದೆ. ಹನ್ನೆರಡರಿಂದ ಮೂರರವರೆಗೆ ಹೊರಗೆ ತಿರುಗಬೇಡಿ ಎಂದು ಅದೇ ಸರ್ಕಾರದ ಇನ್ನೊಂದು ಇಲಾಖೆ ಹೇಳುತ್ತಿರುತ್ತದೆ. ಕನ್ನಡದಲ್ಲಿ ಕಲಿಯುವುದಕ್ಕೆ ನಮ್ಮ ಮಕ್ಕಳು ಕೊಡುವ ಬೆಲೆಗಳಲ್ಲಿ ಈ ಬಿಸಿಲಿನ ನಡಿಗೆಯೂ ಒಂದು. ಯಾವ ಮನವಿ ಪತ್ರದಲ್ಲೂ ಅದು ಬಂದದ್ದನ್ನು ನಾನು ಕಂಡಿಲ್ಲ.

ಗಡಿಯ ಆಚೆ, ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಮತ್ತು ವಿಜಯಪುರ, ಬಾಗಲಕೋಟೆಗಳಲ್ಲಿ, ಏಪ್ರಿಲ್ ಮೇ ತಿಂಗಳು ಸರ್ಕಾರಿ ಕಚೇರಿಗಳೇ ಮುಂಜಾನೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನಿನ ಕೆಳಗೆ ಕೂರುವ ದೊಡ್ಡವರಿಗೆ ಸಿಕ್ಕ ರಿಯಾಯಿತಿ ಅದು. ಆ ಕಚೇರಿಗಳವರು ಮನೆಗೆ ಹೋಗುವ ಹೊತ್ತೂ ಒಳ್ಳೆಯ ಹೊತ್ತೇನಲ್ಲ, ಆ ಮಾತು ಬೇರೆ.

ಹಾಗಾದರೆ ಸಂಜೆಯ ಮಳೆ ಬಂದರೆ ತಂಪಾಯಿತಲ್ಲ ಎನ್ನುತ್ತೀರಿ. ನಮ್ಮ ಹಿರಿಯರು ಈ ಮಳೆಗೆ ಕಾಯುತ್ತಿದ್ದರು. ಏಪ್ರಿಲ್ ನಡುವೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೇ ವಾರಕ್ಕೆ ಕೃತ್ತಿಕಾ, ಆಮೇಲೆ ರೋಹಿಣಿ. ನಾವು ಅಡ್ಡಮಳೆ ಎನ್ನುತ್ತೇವೆ, ಮರಾಠಿಯವರು ವಳೀವ ಎನ್ನುತ್ತಾರೆ. ಇದು ಮುಂಗಾರಿನಂತೆ ಹದವಾಗಿ ಹಿಡಿದು ಸುರಿಯುವ ಮಳೆಯಲ್ಲ. ಕಾದ ನೆಲದ ಮೇಲಿನ ಗಾಳಿ ಮೇಲೇಳುತ್ತದೆ, ಸಮುದ್ರದ ಕಡೆಯಿಂದ ಬಂದ ತೇವ ಅದಕ್ಕೆ ಸೇರುತ್ತದೆ. ವಿದರ್ಭದಿಂದ ಮರಾಠವಾಡಾ, ಉತ್ತರ ಕರ್ನಾಟಕದ ಒಳನಾಡು ಹಾದು ದಕ್ಷಿಣದವರೆಗೆ ಕಡಿಮೆ ಒತ್ತಡದ ಪಟ್ಟಿಯೊಂದು ಎಳೆದುಕೊಂಡಿದ್ದರೆ, ಆ ಪಟ್ಟಿಯ ಆಸುಪಾಸಿನಲ್ಲಿ ಮಧ್ಯಾಹ್ನದ ಮೇಲೆ ಮೋಡ ಗೋಪುರದಂತೆ ಬೆಳೆಯುತ್ತದೆ. ಒಂದು ಊರಿನಲ್ಲಿ ಆಲಿಕಲ್ಲು ಬಿದ್ದರೆ ಪಕ್ಕದ ಊರಿನಲ್ಲಿ ಬರೀ ಧೂಳು. ಅದಕ್ಕೇ ಮುನ್ಸೂಚನೆಯಲ್ಲಿ 'ಅಲ್ಲಲ್ಲಿ' ಎಂಬ ಮಾತು ಇರುತ್ತದೆ. ನಮ್ಮೂರಿಗೆ ಬರಲಿಲ್ಲ, ಹವಾಮಾನದವರು ಸುಳ್ಳು ಹೇಳಿದರು ಎಂದು ಕಟ್ಟೆಯ ಮೇಲೆ ನಗುವವರು ಆ 'ಅಲ್ಲಲ್ಲಿ'ಯನ್ನು ಓದಿರುವುದಿಲ್ಲ.

ಬಿಸಿಲು ಹೆಚ್ಚಿದಷ್ಟೂ ಸಂಜೆಯ ಗುಡುಗಿಗೆ ಬಲ ಬರಬಹುದು. ಮಧ್ಯಾಹ್ನ ನೆರಳು ಹುಡುಕಿ ಮಗುವನ್ನು ಗಿಡದ ಕೆಳಗೆ ಕೂರಿಸುತ್ತೇವೆ. ಅದೇ ಗಿಡ ಸಂಜೆಗೆ ಅಪಾಯದ ಜಾಗ. ಒಂದೇ ದಿನದಲ್ಲಿ ಎರಡು ಬುದ್ಧಿ ಹೇಳಬೇಕು, ಅವೂ ಒಂದಕ್ಕೊಂದು ತಿರುಗುಮುರುಗು. ದೊಡ್ಡವರೇ ಗೊಂದಲಕ್ಕೆ ಬೀಳುವ ವಿಷಯವಿದು.

ಸಾವಿನ ಲೆಕ್ಕವನ್ನೂ ಒಮ್ಮೆ ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887. ಬಿಸಿಲಿನ ಆಘಾತಕ್ಕೆ ಸತ್ತವರು 730. ಬಿಸಿಲಿನ ಸಾವು ಬಹಳ ಸಲ ಹೃದಯಾಘಾತ ಎಂದೋ ವಯಸ್ಸಾಗಿತ್ತು ಎಂದೋ ಬರೆಸಿಕೊಂಡು ಹೋಗುತ್ತದೆ, ಆದ್ದರಿಂದ ಎರಡನೇ ಸಂಖ್ಯೆಯನ್ನು ನಾನು ಪೂರ್ತಿ ನಂಬುವುದಿಲ್ಲ. ಮೊದಲನೆಯದನ್ನು ನಂಬುತ್ತೇನೆ. ಸಿಡಿಲಿನ ಸಾವು ಮುಚ್ಚಿಡಲು ಬರುವುದಿಲ್ಲ.

ಕನ್ನಡದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮಾತಿನಲ್ಲಿ ಮಿಂಚು ಬೇರೆ, ಗುಡುಗು ಬೇರೆ, ಸಿಡಿಲು ಬೇರೆ. ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ನೆಲಕ್ಕೆ ಬಡಿಯುವುದು ಸಿಡಿಲು. ಈ ಮೂರು ಶಬ್ದ ಗೊತ್ತಿರುವ ಮಗುವಿಗೆ ಅರ್ಧ ಪಾಠ ಆಗಿಯೇ ಹೋಗಿದೆ. ಇನ್ನರ್ಧ ಇಷ್ಟೇ: ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡು. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿತೆಂದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ, ಪಕ್ಕಾ ಮನೆಯೊಳಗೆ ಸೇರು. ಕಡೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಹೊರಗೆ ಬರಬೇಡ. ಗಿಡದ ಬುಡ, ಹೊಲದ ತಗಡಿನ ಶೆಡ್ಡು, ಬಾವಿಯ ದಂಡೆ, ಕಂಬ, ತಂತಿ ಬೇಲಿ ಯಾವುದೂ ಬೇಡ. ಎಲ್ಲೂ ಆಸರೆ ಸಿಗದಿದ್ದರೆ ಎರಡೂ ಪಾದ ಕೂಡಿಸಿ ಕುಕ್ಕರಗಾಲಲ್ಲಿ ಕೂರು, ನೆಲಕ್ಕೆ ಮಲಗಬೇಡ, ಗುಂಪಾಗಿ ನಿಲ್ಲಬೇಡ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುತ್ತದೆ ಎಂದು ಹೆದರಿ ದೂರ ನಿಲ್ಲುವವರಿದ್ದಾರೆ. ಹಾಗೇನೂ ಇಲ್ಲ. ಕೂಡಲೇ ಮುಟ್ಟಬಹುದು. ಉಸಿರು ನಿಂತಿದ್ದರೆ ಎದೆ ಒತ್ತಿ ಬದುಕಿಸಬಹುದು, 108ಕ್ಕೆ ಫೋನು ಮಾಡಬಹುದು.

ಇದನ್ನು ಮಗುವಿಗೆ ಮರಾಠಿಯಲ್ಲೂ ಹೇಳಬಹುದಲ್ಲ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಪ್ರಕಾರ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ನಮ್ಮ ಮಕ್ಕಳು ಕಲಿಯುತ್ತಾರೆ, ಕಲಿಯಬೇಕು. ಈ ರಾಜ್ಯದಲ್ಲಿ ಬಾಳುವವರಿಗೆ ಅದು ಬೇಕೇ ಬೇಕು. ನನ್ನ ಮಗಳು ಆ ಸಂದೇಶವನ್ನು ತಡವರಿಸದೆ ಓದಿದಳು. ಆದರೆ ಹೊಲಕ್ಕೆ ಹೋದವಳು ಮಗಳಲ್ಲ, ಅಜ್ಜಿ. ಬಿಸಿಲಿನಲ್ಲಿ ಕೂಲಿಗೆ ಹೋಗುವವರು, ಆಡು ಕಾಯುವವರು, ಚಿಕ್ಕ ಮಗುವನ್ನು ಜೋಳಿಗೆಗೆ ಹಾಕಿ ಕಬ್ಬಿನ ಗದ್ದೆಯ ಬದುವಿನಲ್ಲಿ ಇರುವವರು ಮನೆಯಲ್ಲಿ ಮರಾಠಿ ಕಡಿಮೆ ಬರುವವರೇ. ಪರೀಕ್ಷೆಗೆ ಓದುವ ಭಾಷೆ ಮಗುವಿಗೆ ಗೊತ್ತಿದ್ದರೆ ಸಾಕು. ಅಪಾಯ ಹೇಳುವ ಭಾಷೆ ಇಡೀ ಮನೆಗೆ ಗೊತ್ತಿರಬೇಕು.

ಕನ್ನಡ ಚಾನೆಲ್ ಹಾಕಿದರೆ ಆಯಿತಲ್ಲ ಎನ್ನುವವರೂ ಇದ್ದಾರೆ. ನಮ್ಮ ಮನೆಗಳಲ್ಲಿ ಕನ್ನಡ ಚಾನೆಲ್ ಓಡುತ್ತಲೇ ಇರುತ್ತದೆ. ಅದರಲ್ಲಿ ಬರುವುದು ಕಲಬುರಗಿ, ವಿಜಯಪುರದ ಹವಾಮಾನ. ಸೊಲ್ಲಾಪುರದ ಹೆಸರು ಬರುವುದಿಲ್ಲ, ಬರಬೇಕೆಂದೂ ಇಲ್ಲ. ಅಲ್ಲಿಯ ಮುನ್ಸೂಚನೆ ಬೆಂಗಳೂರಿನ ಕೇಂದ್ರದ್ದು, ನಮ್ಮದು ಮುಂಬೈ ಕೇಂದ್ರದ್ದು. ಕರ್ನಾಟಕ ಸರ್ಕಾರದ 'ಸಿಡಿಲು' ಆ್ಯಪ್ ಹೆಸರಿನಲ್ಲೇ ಕನ್ನಡವಿದೆ, ಆದರೆ ಅದು ಕರ್ನಾಟಕದ ಜನರಿಗಾಗಿ ಮಾಡಿದ್ದು. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಮಾಡಿದ 'ದಾಮಿನಿ' ಆ್ಯಪ್ ದೇಶಕ್ಕೆಲ್ಲ ನಡೆಯುತ್ತದೆ, ನೀವಿರುವ ಜಾಗದಿಂದ 20 ಮತ್ತು 40 ಕಿಲೋಮೀಟರ್ ಸುತ್ತಿನಲ್ಲಿ ಸಿಡಿಲಿನ ಚಟುವಟಿಕೆ ಇದ್ದರೆ ತಿಳಿಸುತ್ತದೆ. ಹಾಕಿಕೊಳ್ಳಿ. ಆದರೆ ಫೋನು ಮನೆಯ ಯಜಮಾನನ ಜೇಬಿನಲ್ಲಿ, ಯಜಮಾನ ದುಧನಿಯ ಬಜಾರಿನಲ್ಲಿ, ಹೆಂಡತಿ ಹೊಲದಲ್ಲಿ ಎಂಬುದು ನಮ್ಮ ಊರುಗಳ ಸಾಮಾನ್ಯ ಸ್ಥಿತಿ.

ಇಂಥ ಊರಿನಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲವರು, ದಿನಾ ಮುಂಜಾನೆ ಏಳಕ್ಕೆ ಒಂದೆಡೆ ಸೇರುವವರು ಯಾರು? ಕನ್ನಡ ಶಾಲೆಯ ಗುರುಗಳು. ಊರಿನ ಪ್ರತಿ ಓಣಿಗೆ, ಪ್ರತಿ ವಸ್ತಿಗೆ ಸುದ್ದಿ ಒಯ್ಯುವ ಕಾಲುಗಳು ಯಾರವು? ಆ ಶಾಲೆಯ ಮಕ್ಕಳವು. ಬಾಲಭಾರತಿ ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗಿನ ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಅಂದರೆ ಈ ರಾಜ್ಯ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಕಲಿಸಲು ಒಪ್ಪಿದೆ. ಆ ವಿಜ್ಞಾನ ಪುಸ್ತಕದಿಂದ ಎದ್ದು ಫಲಕದ ಮೇಲೆ ಬರಲು ಯಾರ ಅಪ್ಪಣೆಯೂ ಬೇಡ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರಾರ್ಥನೆಯ ಹೊತ್ತಿಗೆ ಒಬ್ಬ ಗುರುಗಳು ಜಿಲ್ಲೆಯ ಮುನ್ಸೂಚನೆ ನೋಡಿ, ಆರನೇ ಏಳನೇ ಇಯತ್ತೆಯ ಒಬ್ಬ ಹುಡುಗನಿಂದಲೋ ಹುಡುಗಿಯಿಂದಲೋ ಹೊರಗಿನ ಫಲಕದ ಮೇಲೆ ಮೂರು ಸಾಲು ಬರೆಸಬೇಕು. ಅಚ್ಚಿನ ಕನ್ನಡ ಬೇಡ. 'ಉಷ್ಣ ಅಲೆ', 'ಶಾಖದ ಅಲೆ', 'ತಾಪಾಘಾತ' ಎಂದರೆ ನಮ್ಮವ್ವನಿಗೆ ಮರಾಠಿಯಷ್ಟೇ ದೂರ. ಊರಿನ ಮಾತಿನಲ್ಲಿ ಬರೆಯಲಿ: "ಇವತ್ತ ಝಳ ಬಾಳ ಐತಿ. ಹನ್ನೆರಡರಿಂದ ಮೂರರ ತನಕ ಹೊಲಕ್ಕ ಹೋಗಬ್ಯಾಡ್ರಿ. ಸಂಜಿಗಿ ಸಿಡ್ಲ ಬೀಳಬಹುದು, ಆಡು ಮೂರಕ್ಕ ಹೊಡ್ಕೊಂಡ ಬರ್ರಿ." ಮಕ್ಕಳು ಅದನ್ನು ಮನೆಗೆ ಹೋಗಿ ಹೇಳಲಿ. ಮನೆಗೆ ಹೇಳಿದೆಯಾ ಎಂದು ಮರುದಿನ ಗುರುಗಳು ಕೇಳಲಿ. ಫೋನಿನ ಪಾಲಕರ ಗುಂಪಿಗೆ ಅದೇ ಮೂರು ಸಾಲನ್ನು ಧ್ವನಿಯಲ್ಲಿ ಹಾಕಿದರೆ ಓದು ಬಾರದವರಿಗೂ ಮುಟ್ಟುತ್ತದೆ.

ಗುರುಗಳಿಗೆ ಈಗಾಗಲೇ ಕೆಲಸದ ಹೊರೆ ಹೆಚ್ಚು, ಅದು ಗೊತ್ತು. ಎರಡು ವರ್ಗಕ್ಕೆ ಒಬ್ಬರೇ ಇರುವ ಕಡೆ ಇನ್ನೊಂದು ಕೆಲಸ ಹೇಳುವಾಗ ನನಗೂ ಸಂಕೋಚವಾಗುತ್ತದೆ. ಆದರೆ ಐದು ನಿಮಿಷದ ಈ ಕೆಲಸ ಭೂಗೋಲದ ಪಾಠವೂ ಹೌದು, ಮರಾಠಿಯಿಂದ ಕನ್ನಡಕ್ಕೆ ಅನುವಾದದ ಪಾಠವೂ ಹೌದು. ತಿಂಗಳ ಕೊನೆಗೆ ಫಲಕದ ಅಂಕಿಗಳನ್ನು ಕೂಡಿಸಿ ಸರಾಸರಿ ತೆಗೆದರೆ ಗಣಿತವೂ ಆಯಿತು.

ಮುಂಜಾನೆಯ ಆ ಮೂರು ಸಾಲಿನ ಜೊತೆ ಎರಡು ಸಣ್ಣ ಏರ್ಪಾಡು ಆಗಬೇಕು. ಒಂದು, ಕಿತ್ತಳೆ ಅಥವಾ ಕೆಂಪು ಬಣ್ಣದ ದಿನ ದೂರದ ವಸ್ತಿಯ ಮಕ್ಕಳನ್ನು ಊಟ ಮುಗಿಸಿ ಮೊದಲು ಬಿಡಬೇಕು, ಅಥವಾ ಬಿಸಿಲು ಇಳಿಯುವ ತನಕ ಶಾಲೆಯಲ್ಲೇ ನೆರಳಿನಲ್ಲಿ ಕೂರಿಸಿಕೊಳ್ಳಬೇಕು. ಯಾವುದು ಅನುಕೂಲ ಎಂಬುದು ಊರಿಂದೂರಿಗೆ ಬೇರೆ. ಎರಡು, ನೀರು. ಬಾಯಾರಿಕೆ ಆಗುವ ತನಕ ಮಕ್ಕಳು ನೀರು ಕುಡಿಯುವುದಿಲ್ಲ, ಆಟದಲ್ಲಿದ್ದರೆ ಬಾಯಾರಿದರೂ ಕುಡಿಯುವುದಿಲ್ಲ. ತಾಸಿಗೊಮ್ಮೆ ನೀರಿನ ಗಂಟೆ ಹೊಡೆಯಬೇಕು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು, ಚಹದ ಚಮಚೆಯ ಲೆಕ್ಕ. ಇಷ್ಟು ಕಲಸಿಟ್ಟರೆ ಸುಸ್ತಾದ ಮಗುವಿಗೆ ಕೊಡಲು ಬರುತ್ತದೆ. ಮನೆಯಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಇದ್ದೇ ಇದೆ. ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟು ಕಳಿಸುವುದು ನಮ್ಮ ಕಡೆ ರೂಢಿ. ಇಟ್ಟರೆ ತೊಂದರೆಯಿಲ್ಲ, ಆದರೆ ನೀರಿನ ಬಾಟಲಿಯ ಕೆಲಸ ಅದು ಮಾಡುವುದಿಲ್ಲ.

ಮಗು ತಲೆನೋವು, ವಾಂತಿ, ಸುಸ್ತು ಎಂದರೆ ನೆರಳಿಗೆ ತಂದು ನೀರು ಕೊಡಿ. ಮಾತು ತಡವರಿಸಿದರೆ, ಗುರುತು ಹಿಡಿಯದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಿನ ಆಘಾತ, ಮೈಯ ಉಷ್ಣ 40 ಡಿಗ್ರಿ ದಾಟಿರುತ್ತದೆ. ಆಗ ಎಚ್ಚರ ಸರಿಯಿಲ್ಲದ ಬಾಯಿಗೆ ನೀರು ಹಾಕಬಾರದು. ಬಟ್ಟೆ ಸಡಿಲಿಸಿ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ದವಾಖಾನೆಗೆ ಹೊರಡಬೇಕು. ಆಸ್ಪತ್ರೆ ಮುಟ್ಟಿದ ಮೇಲೆ ತಣ್ಣಗೆ ಮಾಡುತ್ತಾರೆ ಎಂದು ಬಿಸಿ ಜೀಪಿನಲ್ಲಿ ಅರ್ಧ ತಾಸು ಕೂರಿಸುವುದೇ ಹೆಚ್ಚಿನ ಹಾನಿ.

ಇದನ್ನೆಲ್ಲ ಬರೆಯುವಾಗ ನನ್ನ ಕಿವಿಯಲ್ಲಿ ಇನ್ನೊಂದು ಮಾತು ಕೇಳುತ್ತಿದೆ. ನಮ್ಮ ಊರಿನ ಹಿರಿಯ ಪಾಲಕರೊಬ್ಬರು ಹೇಳಿದ್ದು: "ಸುಮ್ಮನಿರ್ರಿ. ಪತ್ರಾ ಕಾಯ್ತದ, ದೂರ ಆಗ್ತದ ಅಂತ ಬರದ್ರ, ಹಂಗಾರ ಸಾಲಿ ಬಂದ್ ಮಾಡ್ತೀವಿ, ಮರಾಠಿ ಸಾಲಿಗಿ ಕಳಸ್ರಿ ಅಂತಾರ." ಈ ಹೆದರಿಕೆ ಸುಳ್ಳಲ್ಲ. ಹಾಜರಿ ಕಡಿಮೆಯಾದ ಶಾಲೆಯ ಮೇಲೆ ಯಾವಾಗಲೂ ಒಂದು ಕಣ್ಣಿರುತ್ತದೆ. ಹಾಗಾಗಿ ನಾವು ಮಕ್ಕಳ ಕಷ್ಟವನ್ನೇ ಮುಚ್ಚಿಡಲು ಕಲಿತಿದ್ದೇವೆ, ಕನ್ನಡ ಶಾಲೆಯಲ್ಲಿ ಎಲ್ಲ ಚೆನ್ನಾಗಿದೆ ಎಂದು ಮೇಲಿನವರಿಗೆ ತೋರಿಸುತ್ತ ಬಂದಿದ್ದೇವೆ. ಆದರೆ ಬಿಸಿಲಿಗೆ ಬಿದ್ದ ಒಂದು ಮಗುವಿನ ಸುದ್ದಿ ಬಂದರೆ ಮರುವರ್ಷ ಹತ್ತು ಮನೆಯವರು ಮಕ್ಕಳನ್ನು ಬಸ್ಸಿರುವ ಇಂಗ್ಲಿಷ್ ಶಾಲೆಗೆ ಹಾಕುತ್ತಾರೆ, ಅದನ್ನು ಯಾರೂ ತಡೆಯಲಾರರು. ಶಾಲೆ ಖಾಲಿಯಾಗಲು ಆದೇಶವೇ ಬರಬೇಕೆಂದಿಲ್ಲ. ಮನೆಮಂದಿಯ ಜೀವಕ್ಕೆ ಶಾಲೆಯಿಂದ ಉಪಯೋಗವಾಯಿತು ಎಂದು ಊರು ಕಂಡರೆ, ಆ ಶಾಲೆಯ ಪರವಾಗಿ ಮಾತಾಡಲು ಮಕ್ಕಳಿಲ್ಲದ ಮನೆಯವರೂ ಬರುತ್ತಾರೆ ಎಂಬುದು ನನ್ನ ಲೆಕ್ಕ. ತಪ್ಪಿದ್ದರೂ ಇರಬಹುದು, ಆದರೆ ಸುಮ್ಮನಿದ್ದು ನೋಡಿದ್ದೇವಲ್ಲ.

ಕೇಳಲು ಜಾಗವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಪ್ರತಿ ಸರ್ಕಾರಿ ಶಾಲೆಯಲ್ಲಿ ವ್ಯವಸ್ಥಾಪನ ಸಮಿತಿ ಇರಬೇಕು, ಅದರ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ನಮ್ಮ ಊರಿನಲ್ಲಿ ಈ ಹೆಂಗಸರ ಸಹಿ ಮನೆಗೆ ಹೋಗಿ ತರುವ ಪದ್ಧತಿ ಇತ್ತು. ಹೊಲಕ್ಕೆ ಹೋಗುವವರು ಅವರು, ಆಡು ತರುವವರು ಅವರು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರು ಅವರು. ಈ ವಿಷಯದಲ್ಲಿ ಮೊದಲು ಮಾತಾಡಬೇಕಾದವರೂ ಅವರೇ.

ನಮ್ಮ ಶಾಲೆಯ ಸಮಿತಿ ಸಭೆ ಬರುವ ಶನಿವಾರ ಇದೆ. ಫಲಕಕ್ಕೆ ಕರಿಬಣ್ಣದ ಒಂದು ಡಬ್ಬಿ ನಾನು ಕೊಡುತ್ತೇನೆ ಎಂದು ಹೇಳಿದ್ದೇನೆ. ಅವ್ವನೂ ಬರುತ್ತೇನೆ ಎಂದಿದ್ದಾಳೆ. ಪರೀಕ್ಷೆ ಮುಗಿಯಲು ಇನ್ನೂ ಹದಿನೈದು ದಿನ ಇದೆ, ಭರಣಿ ಮಳೆಗೂ ಸುಮಾರು ಅಷ್ಟೇ.